ಸದರಿಯವರ ಮನೆತನ

ನಮ್ಮ ಬೀದಿಯ ಇತಿಹಾಸವೆಲ್ಲ ಚೌಕಟ್ಟಣ್ಣನ ಅಂಗಡಿಯ ಗೋಡೆಯ ಮೇಲಿತ್ತು. ಮೀಸೆಯ ಅಜ್ಜ, ಮೀಸೆಯಿಲ್ಲದ ಅಜ್ಜ, ಕುರ್ಚಿಯಲ್ಲಿ ಕೂತು ಫೋಟೋ ತೆಗೆಯುವವನನ್ನೇ ಗದರಿಸುತ್ತಿರುವ ಅಜ್ಜ, ಹೀಗೆ. ಮಕ್ಕಳು ಮೊಮ್ಮಕ್ಕಳು ಭಕ್ತಿಯಿಂದ ತಂದುಕೊಟ್ಟು, ಗಾಜು ಹಾಕಿ ಎಂದು ಹೇಳಿ, ಒಯ್ಯಲು ಮರೆತ ಅಜ್ಜಂದಿರು ಅವರು. ಇಲ್ಲದಿದ್ದದ್ದು ಚೌಕಟ್ಟಣ್ಣನ ಸ್ವಂತ ಅಜ್ಜ ಮಾತ್ರ. ಆ ಅಜ್ಜನ ಫೋಟೋ ಯಾರೂ ತೆಗೆದಿರಲಿಲ್ಲ. ಆದರೂ ಚೌಕಟ್ಟಣ್ಣನ ತಂದೆ ಗಲ್ಲಾಪೆಟ್ಟಿಗೆಯ ಮೇಲ್ಗಡೆ ಗೋಡೆಗೆ ಒಂದು ಖಾಲಿ ಚೌಕಟ್ಟು ನೇತುಹಾಕಿ, ದಿನಾ ಬೆಳಿಗ್ಗೆ ಅದರ ಗಾಜು ಒರೆಸುತ್ತಿದ್ದರು. ಒರೆಸಿ ಅದರ ಕೆಳಗೇ ಸ್ಟೂಲು ಹಾಕಿಕೊಂಡು ಸಂಜೆಯವರೆಗೆ ಕೂರುತ್ತಿದ್ದರು. ಮನೆಯಲ್ಲಿದ್ದರೆ ಅವರಿಗೆ ಉಸಿರು ಕಟ್ಟುತ್ತಿತ್ತು. ಅಂಗಡಿಯೇ ಅವರ ಜೀವ.

ನನ್ನದು ಎದುರುಗಡೆ ಚಪ್ಪಲಿ ಅಂಗಡಿ. ವ್ಯಾಪಾರ ಕಡಿಮೆ, ಹಾಗಾಗಿ ಎದುರಿನ ಅಂಗಡಿಯಲ್ಲಿ ನಡೆದದ್ದು ಯಾವುದೂ ನನ್ನ ಕಣ್ಣು ತಪ್ಪಿಸಿಲ್ಲ. ಈ ಕಥೆಯಲ್ಲಿ ಯಾರಿಗಾದರೂ ಅನುಮಾನ ಬಂದರೆ ನನ್ನನ್ನು ಕೇಳಬಹುದು.

ಒಂದು ಬೆಳಿಗ್ಗೆ ಕಟ್ಟಡದ ಮಾಲೀಕರು ಇಬ್ಬರು ಆಳುಗಳ ಕೈಲಿ ತಮ್ಮ ಅಜ್ಜನನ್ನು ಹೊರಿಸಿಕೊಂಡು ಬಂದರು. ಬಾಗಿಲಿನಷ್ಟು ದೊಡ್ಡ ಚಿತ್ರ. ಅದನ್ನು ಮೇಜಿಗೆ ಒರಗಿಸಿ, ಬೆವರು ಒರೆಸಿಕೊಂಡು, "ಚೆನ್ನಾಗಿರೋ ಮರ ಹಾಕು. ಚಿನ್ನದ ಬಣ್ಣದ ಅಂಚು ಇರಲಿ. ಹಾಂ, ಇದೇ ನಿನಗೆ ಈ ಅಂಗಡಿಯಲ್ಲಿ ಕೊನೇ ಕೆಲಸ. ತಿಂಗಳ ಕೊನೆಗೆ ಖಾಲಿ ಮಾಡು. ನನ್ನ ಅಳಿಯ ಮೊಬೈಲ್ ಅಂಗಡಿ ಇಡ್ತಾನಂತೆ," ಎಂದರು.

ಚೌಕಟ್ಟಣ್ಣನ ಕೈಯಲ್ಲಿದ್ದ ಅಳತೆಪಟ್ಟಿ ಸುರುಳಿ ಸುತ್ತಿಕೊಂಡಿತು. "ಸ್ವಾಮೀ, ನಮ್ಮಪ್ಪ ಇಲ್ಲೇ ಕೂತು ಮುದುಕರಾಗಿದ್ದಾರೆ. ಇದ್ದಕ್ಕಿದ್ದ ಹಾಗೆ ಎಬ್ಬಿಸಿದರೆ ಹೇಗೆ?"

"ಬೇರೆ ಕಡೆ ಕೂರಲಿ. ಅಲ್ಲೂ ವಯಸ್ಸಾಗುತ್ತೆ." ಮಾಲೀಕರ ಕಣ್ಣು ಖಾಲಿ ಚೌಕಟ್ಟಿನ ಮೇಲೆ ಬಿತ್ತು. "ಇದೇನಯ್ಯಾ, ಗಾಳಿಗೆ ಗಾಜು ಹಾಕಿದ್ದೀಯ?"

"ನಮ್ಮ ತಾತನ ಜಾಗ ಅದು."

ಮಾಲೀಕರು ಹೊಟ್ಟೆ ಕುಣಿಸಿ ನಕ್ಕರು. "ಊರವರ ತಾತಂದಿರಿಗೆಲ್ಲ ಮೊಳೆ ಹೊಡೀತೀಯ, ನಿನ್ನ ತಾತನ ಗುರುತೇ ಇಲ್ಲ! ಅಲ್ಲಯ್ಯಾ, ನಿಮ್ಮ ಮನೆತನ ಯಾವುದು?"

ಉತ್ತರಕ್ಕೂ ಕಾಯದೆ ಮಾಲೀಕರು ಹೋದರು. ಅವರ ಅಜ್ಜ ಅಲ್ಲೇ ಉಳಿದು, ಇಡೀ ಅಂಗಡಿಯನ್ನು ಜಪ್ತಿ ಮಾಡಲು ಬಂದವರಂತೆ ನೋಡುತ್ತಿದ್ದರು.

ಆಗ ಸ್ಟೂಲಿನ ಮೇಲಿದ್ದ ಹಿರಿಯರು, "ಮನೆತನ ಇಲ್ದೆ ಏನು? ಇದೆಯಲ್ಲ," ಎಂದು ಒಳಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದರು. ಚೀಲದೊಳಗೊಂದು ಕರ್ಚೀಫು, ಕರ್ಚೀಫಿನೊಳಗೆ ಅರ್ಧ ಹಾಳೆ ಕಾಗದ. ಮೇಲಿನ ಅರ್ಧ ಗೆದ್ದಲಿನ ಹೊಟ್ಟೆ ಸೇರಿತ್ತು. "ನಮ್ಮಪ್ಪನಿಗೆ ಅವರ ಸಾಹೇಬರು ಬರೆದುಕೊಟ್ಟಿದ್ದು. ನೀನೇ ಓದು, ನನಗೆ ಅಕ್ಷರ ಕಾಣಲ್ಲ."

ಚೌಕಟ್ಟಣ್ಣ ಓದಿದ. ಬೀದಿಗೆಲ್ಲ ಕೇಳುವಂತೆ ಓದಿದ. "ಸದರಿಯವರು ಒಳ್ಳೆಯ ನಡತೆಯುಳ್ಳವರೂ ಕೆಲಸದಲ್ಲಿ ಚುರುಕಾದವರೂ ಆಗಿರುತ್ತಾರೆ. ಸದರಿಯವರ ಮೇಲೆ ಇದುವರೆಗೆ ಯಾವ ದೂರೂ ಬಂದಿರುವುದಿಲ್ಲ. ಸದರಿಯವರಿಗೆ ಎಲ್ಲರೂ ಸಹಕಾರ ನೀಡತಕ್ಕದ್ದು."

ಓದಿ ಮುಗಿಸಿ ಅವನು ತಲೆಯೆತ್ತಿದಾಗ ಅವನ ಎತ್ತರ ಒಂದು ಗೇಣು ಹೆಚ್ಚಾಗಿತ್ತು. "ಅಪ್ಪಾ! ನಾವು ಸದರಿಯವರು!"

"ಅದನ್ನೇ ಹೇಳ್ತಿದ್ದೀನಿ. ನೀನು ಯಾವತ್ತು ಕೇಳಿದೆ?"

ಮರುದಿನವೇ ಚೌಕಟ್ಟಣ್ಣ ಹಳೆಯ ದಾಖಲೆಗಳ ಕಚೇರಿಗೆ ಹೊರಟ. ಮನೆತನದ ಪುರಾವೆ ಹಿಡಿದು ತಂದು ಮಾಲೀಕರ ಮುಖದ ಮುಂದೆ ಹಿಡಿದರೆ, ಸದರಿಯವರನ್ನು ಬೀದಿಗೆ ಹಾಕುವ ಧೈರ್ಯ ಅವರಿಗೆ ಬರುವುದಿಲ್ಲ ಎಂಬುದು ಅವನ ಲೆಕ್ಕ. ಸಾಕ್ಷಿಗೆ ನಾನೂ ಇರಲಿ ಎಂದು ಎಳೆದುಕೊಂಡು ಹೋದ. ಕಾಗದಪತ್ರದ ವಿಷಯದಲ್ಲಿ ನನ್ನ ಪಾಂಡಿತ್ಯ ಹೊಸ ಬೂಟಿನೊಳಗೆ ತುರುಕುವ ಕಾಗದಕ್ಕಿಂತ ಆಚೆ ಹೋಗಿಲ್ಲ. ಆದರೂ ಹೋದೆ.

ಕಚೇರಿಯೆಂದರೆ ಛಾವಣಿಯವರೆಗೆ ಕಟ್ಟುಗಳು, ಕಟ್ಟುಗಳ ನಡುವೆ ಒಂದು ಮೇಜು, ಮೇಜಿನ ಹಿಂದೆ ಸ್ವೆಟರ್ ಹೆಣೆಯುತ್ತಿದ್ದ ಗುಮಾಸ್ತೆ.

"ಯಾರ ಕಡತ ಬೇಕಿತ್ತು?" ಎಂದು ಆಕೆ ಕಡ್ಡಿಯಿಂದ ಕಣ್ಣು ತೆಗೆಯದೆ ಕೇಳಿದಳು.

"ಸದರಿಯವರದ್ದು," ಎಂದ ಚೌಕಟ್ಟಣ್ಣ ಎದೆಯುಬ್ಬಿಸಿ.

"ಯಾವ ಸದರಿಯವರು?"

"ಯಾಕೆ, ತುಂಬ ಜನ ಇದ್ದಾರಾ?"

"ತುಂಬ ಜನಾನಾ? ಈ ಕಟ್ಟಡದ ತುಂಬಾ ಅವರೇ ಇರೋದು."

ಚೌಕಟ್ಟಣ್ಣ ಮೇಜಿನ ಅಂಚು ಹಿಡಿದುಕೊಂಡ. "ಅಮ್ಮಾ, ಅಂದ್ರೆ ಎಲ್ಲ ಇಲಾಖೆಯಲ್ಲೂ..."

"ಸದರಿಯವರಿಲ್ಲದ ಒಂದು ಕಡತ ತೋರಿಸಿ, ಈ ಕುರ್ಚಿ ನಿಮಗೇ ಬಿಟ್ಟು ಎದ್ದು ಹೋಗ್ತೀನಿ. ಯಾವ ಇಲಾಖೆ ಬೇಕು, ಯಾವ ವರ್ಷ ಬೇಕು, ಅದನ್ನ ಹೇಳಿ ಮೊದಲು."

"ಯಾವುದಾದ್ರೂ ಸರಿ. ಎಲ್ಲಾ ನಮ್ಮದೇ."

ಆಕೆ ಮೊದಲ ಬಾರಿಗೆ ತಲೆಯೆತ್ತಿ ಅವನನ್ನು ನೋಡಿದಳು. ಸಂಶೋಧಕರಲ್ಲಿ ನಾನಾ ಬಗೆ ಎಂದು ಆಕೆಗೆ ಅನುಭವವಿತ್ತೇನೋ, ಹೆಚ್ಚು ಕೇಳದೆ ಕೈಗೆ ಸಿಕ್ಕ ಕಟ್ಟುಗಳನ್ನು ತಂದು ನಮ್ಮ ಮುಂದೆ ಕುಕ್ಕಿದಳು. ಧೂಳು ಎದ್ದಿತು. ಧೂಳು ಅಡಗಿದ ಮೇಲೆ ಸದರಿಯವರು ಎದ್ದರು.

ಎಲ್ಲೆಲ್ಲೂ ಅವರೇ! "ಸದರಿಯವರು ಸೇತುವೆಯ ಕೆಲಸವನ್ನು ತೃಪ್ತಿಕರವಾಗಿ ಮುಗಿಸಿರುತ್ತಾರೆ" ಎಂದು ಒಂದು ಕಡತ. "ಸದರಿಯವರು ದೀಪವಿಲ್ಲದೆ ಗಾಡಿ ಹೊಡೆದು ಕಂಬಕ್ಕೆ ಗುದ್ದಿದ್ದು" ಎಂದು ಪೊಲೀಸರದು. "ಸದರಿಯವರು ಗಣಿತದಲ್ಲಿ ಅನುತ್ತೀರ್ಣರಾಗಿರುವುದರಿಂದ" ಎಂದು ಶಾಲೆಯದು. ಚೌಕಟ್ಟಣ್ಣ ಅದನ್ನು ಓದಿ ಕಣ್ಣೊರೆಸಿಕೊಂಡ. ಗಣಿತ ಅವನಿಗೂ ಹತ್ತಿರಲಿಲ್ಲ; ಅದು ರಕ್ತದಲ್ಲೇ ಬಂದದ್ದೆಂದು ತಿಳಿದು ಅವನಿಗೆ ದೊಡ್ಡ ಸಮಾಧಾನವಾಯಿತು. ಕೊನೆಯಲ್ಲಿ ಯಾರೋ ವಿಜ್ಞಾನಿ ಕಪ್ಪೆಗಳ ಮೇಲೆ ಮಾಡಿದ ಸಂಶೋಧನೆಯ ವರದಿ ಸಿಕ್ಕಿತು. ಅದರಲ್ಲಿ ಹೀಗಿತ್ತು: "ಸದರಿ ಕಪ್ಪೆಯು ಗಾತ್ರದಲ್ಲಿ ಚಿಕ್ಕದಾದರೂ ಇದರ ಕೂಗು ಬಹು ದೂರ ಕೇಳಿಸುತ್ತದೆ."

"ನೋಡಿದ್ರಾ?" ಎಂದು ನನ್ನ ಭುಜ ಹಿಂಡಿದ. "ವಿಜ್ಞಾನಿಗಳು ಕಪ್ಪೆಗೆ ನಮ್ಮ ಮನೆತನದ ಹೆಸರು ಇಟ್ಟಿದ್ದಾರೆ. ಸುಮ್ಸುಮ್ನೆ ಇಡ್ತಾರಾ?"

ಇಡುವುದಿಲ್ಲವೆಂದೇ ನನಗೂ ತೋರಿತು. ಅವನು ಎಲ್ಲವನ್ನೂ ಚೌಕಟ್ಟಿನ ಹಿಂದೆ ಹಾಕುವ ರಟ್ಟಿನ ತುಂಡುಗಳ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಂಡ. ಬರೆಯಲು ಅವನಲ್ಲಿದ್ದದ್ದೇ ಅದು.

ಸಂಜೆ ಅಂಗಡಿಯ ಮುಂದೆ ಸಭೆ ಸೇರಿತು. ಪಕ್ಕದ ದರ್ಜಿ ಕತ್ತರಿ ಕೈಯಲ್ಲೇ ಹಿಡಿದು ಬಂದ. ಚೌಕಟ್ಟಣ್ಣನ ಹೆಂಡತಿ ಅತ್ತೆಯ ಕಾಲದ ಹಿತ್ತಾಳೆ ಲೋಟದಲ್ಲಿ ಮಾವನಿಗೆ ಚಹಾ ತಂದವಳು ಅಲ್ಲೇ ನಿಂತಳು. ಚೌಕಟ್ಟಣ್ಣ ರಟ್ಟುಗಳನ್ನು ಒಂದೊಂದಾಗಿ ಎತ್ತಿ ಹಿಡಿದು ಓದುತ್ತ ಹೋದ.

"ರೀ," ಎಂದಳು ಹೆಂಡತಿ, "ಇದರಲ್ಲಿ ಸದರಿಯವರಿಗೆ ಸುಸೂತ್ರವಾಗಿ ಹೆರಿಗೆ ಆಯ್ತು ಅಂತಿದೆಯಲ್ಲ?"

"ಮನೆತನದ ಹೆಣ್ಣುಮಗಳು ಕಣೇ. ಹೆಣ್ಣುಮಕ್ಕಳಿಗೆ ಹೆರಿಗೆ ಆಗಬಾರದಾ?"

"ಈ ಎರಡು ಕಡೆ ಸತ್ತಿದ್ದಾರೆ."

"ದೊಡ್ಡ ಮನೆತನ. ಸಾವು ನೋವು ಇದ್ದದ್ದೇ."

"ಇಲ್ಲಿ ಮೇಕೆ ಕದ್ದಿದ್ದಾರೆ."

ಚೌಕಟ್ಟಣ್ಣ ಆ ರಟ್ಟನ್ನು ಕಿತ್ತುಕೊಂಡು ಕೆಳಗಿಟ್ಟ. "ಅದು ಆರೋಪ ಅಷ್ಟೇ."

ದರ್ಜಿ ಕಪ್ಪೆಯ ರಟ್ಟನ್ನು ಬಹಳ ಹೊತ್ತು ನೋಡಿ, "ಧ್ವನಿ ವಿಷಯ ಸರಿಯಾಗಿದೆ," ಎಂದ. ಹಿರಿಯರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಸೇತುವೆಯ ರಟ್ಟನ್ನು ಇನ್ನೊಂದು ಸಲ ಓದು ಎಂದರು. ಓದಿದ. ಇನ್ನೊಂದು ಸಲ ಎಂದರು.

ಇಲ್ಲಿಗೇ ನಿಂತಿದ್ದರೆ ಇದು ಒಂದು ಸಂಸಾರದ ಸಂತೋಷವಾಗಿ ಉಳಿಯುತ್ತಿತ್ತು. ಆದರೆ ದರ್ಜಿ ಮನೆಗೆ ಹೋಗಿ, ತನ್ನ ಮನೆತನವೂ ಎಲ್ಲಾದರೂ ಇರಬಹುದೆಂದು ಪೆಟ್ಟಿಗೆ ತೆಗೆದು ತನ್ನ ಮನೆಯ ಕ್ರಯಪತ್ರ ನೋಡಿದ. ಬೀದಿಯಲ್ಲಿ ಎಲ್ಲರ ಬಳಿಯೂ ಪತ್ರವಿದೆ, ಓದಿದವರಿಲ್ಲ. ಪತ್ರ ಬರೆಯುವುದು ಕಚೇರಿಯವರ ಕೆಲಸ, ಪೆಟ್ಟಿಗೆಯಲ್ಲಿಡುವುದು ನಮ್ಮ ಕೆಲಸ. ಅರ್ಧ ಗಂಟೆಯೊಳಗೆ ಅವನು ಬರಿಗಾಲಲ್ಲಿ ನನ್ನ ಅಂಗಡಿಗೆ ಓಡಿಬಂದ. ಚಪ್ಪಲಿ ಅಂಗಡಿಗೆ ಬರಿಗಾಲಲ್ಲಿ ಬಂದವನನ್ನು ನಾನು ಗಿರಾಕಿಯೆಂದೇ ತಿಳಿದೆ.

"ಅಣ್ಣಾ, ಕೆಟ್ಟೆ!" ಎಂದು ಪತ್ರವನ್ನು ನನ್ನ ಮುಂದೆ ಹಿಡಿದ. "ಓದು ಇದನ್ನ. 'ಸದರಿ ಸ್ವತ್ತು.' ಇಲ್ಲಿ ನೋಡು, 'ಸದರಿ ಮನೆ.' ಇಲ್ಲಿ, 'ಸದರಿ ಬಾವಿ.' ನಾನು ಹುಟ್ಟಿದ ಮನೆ ಅಣ್ಣಾ ಅದು! ಅವರದ್ದಂತೆ!"

ನಾನು ಅವನಿಗೆ ಧೈರ್ಯ ಹೇಳಿ ಕಳಿಸಿದೆ. ಕಳಿಸಿ, ಬಾಗಿಲು ಎಳೆದು, ಮನೆಗೆ ಓಡಿ ನನ್ನ ಪತ್ರ ತೆಗೆದೆ. ನನ್ನ ಮನೆ ಸದರಿ ಮನೆ, ನನ್ನ ಗೋಡೆ ಸದರಿ ಗೋಡೆ. ನನ್ನ ಶೌಚಾಲಯವನ್ನೂ ಬಿಟ್ಟಿರಲಿಲ್ಲ.

ಬೀದಿಯೆಲ್ಲ ಪೆಟ್ಟಿಗೆಗಳು ತೆರೆದುಕೊಂಡವು. ಊರಿಗೆ ಊರೇ ಸದರಿಯವರದ್ದು ಎಂಬ ಸುದ್ದಿ ಹಬ್ಬಿತು. ಅದುವರೆಗೆ ಚೌಕಟ್ಟಣ್ಣನನ್ನು ಏಕವಚನದಲ್ಲಿ ಕರೆಯುತ್ತಿದ್ದವರೆಲ್ಲ ಬಹುವಚನಕ್ಕೆ ಇಳಿದರು. ದರ್ಜಿ ಅಳತೆಯನ್ನೂ ಕೇಳದೆ ಅವನಿಗೊಂದು ಅಂಗಿ ಹೊಲಿದು ತಂದ. ನಾನು ಹಿರಿಯರಿಗೆ ಮೆತ್ತನೆಯ ಚಪ್ಪಲಿ ಒಯ್ದುಕೊಟ್ಟೆ. ಪ್ರೀತಿಯಿಂದಲೇ ಕೊಟ್ಟದ್ದು, ಭಯವೂ ಸ್ವಲ್ಪ ಇತ್ತು. ಚೌಕಟ್ಟಣ್ಣ ಎಲ್ಲರಿಗೂ ಅಭಯ ನೀಡುತ್ತ, "ಇರಿ, ಇರಿ. ಯಾರನ್ನೂ ಎಬ್ಬಿಸೋ ಮನೆತನ ಅಲ್ಲ ನಮ್ಮದು," ಎನ್ನುತ್ತಿದ್ದ.

ಆಮೇಲೆ ಬಂದದ್ದು ಮಾಲೀಕರು. ನಡಿಗೆಯಲ್ಲಿ ದರ್ಪವಿರಲಿಲ್ಲ. ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ ಬಿದ್ದಿತ್ತು.

"ತಾವು ಹೇಗಿದ್ದೀರಿ?" ಎಂದು ಕೇಳಿದರು.

ಚೌಕಟ್ಟಣ್ಣ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದ. ಯಾರೂ ಇರಲಿಲ್ಲ.

"ಮೊನ್ನೆ ಏನೋ ಬಾಯಿ ತಪ್ಪಿ ಅಂದೆ. ಹೊಟ್ಟೆಗೆ ಹಾಕ್ಕೊಳ್ಳಿ," ಎಂದು ಮಾಲೀಕರು ಕೈ ಹಿಸುಕಿಕೊಂಡರು. "ಈ ಕಟ್ಟಡದ ಪತ್ರ ನೋಡಿದೆ. ಎಲ್ಲಾ ತಮ್ಮ ಹಿರಿಯರ ಹೆಸರಲ್ಲೇ ಇದೆ. ಸಾಲು ಸಾಲಿಗೂ ಸದರಿ ಕಟ್ಟಡ, ಸದರಿ ಕಟ್ಟಡ ಅಂತಿದೆ. ನಾನು ಮಕ್ಕಳೊಂದಿಗ. ಒಂದು ಒಪ್ಪಂದ ಮಾಡ್ಕೊಳ್ಳೋಣ. ತಾವು ಕಟ್ಟಡ ನನ್ನದು ಅಂತ ಬಿಟ್ಟುಕೊಡಿ. ಅದಕ್ಕೆ ಪ್ರತಿಯಾಗಿ ಈ ಅಂಗಡಿಯಲ್ಲಿ ತಾವು, ತಮ್ಮ ತಂದೆಯವರು, ಎಷ್ಟು ಕಾಲ ಬೇಕಾದ್ರೂ ಇರಿ."

"ಅಳಿಯಂದಿರ ಮೊಬೈಲು?"

"ಅವನನ್ನ ಬಿಡಿ. ಅವನು ಎಲ್ಲಿ ಬೇಕಾದ್ರೂ ಮಾತಾಡ್ತಾನೆ."

ಚೌಕಟ್ಟಣ್ಣ ಬಹಳ ಹೊತ್ತು ಯೋಚಿಸುವವನಂತೆ ಛಾವಣಿ ನೋಡಿ, ಒಪ್ಪಿದ. ಇಡೀ ಕಟ್ಟಡವನ್ನು ಅಷ್ಟು ಸಲೀಸಾಗಿ ದಾನ ಕೊಟ್ಟವನನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನೋಂದಣಿ ಕಚೇರಿಯ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಪತ್ರ ತಯಾರಾಯಿತು. ಸಾಕ್ಷಿಗೆ ಈ ಸಲವೂ ನಾನೇ. ಮಾಲೀಕರು ಟೈಪಿಸ್ಟನ ಹೆಗಲ ಮೇಲೆ ಬಗ್ಗಿ, "ಸದರಿಯವರು ಅನ್ನೋದನ್ನ ಮರೀಬೇಡ. ಗೌರವವಾಗಿ ಮೇಲಿಂದ ಮೇಲೆ ಹಾಕು," ಎಂದರು.

"ನೀವು ಹೇಳದಿದ್ರೂ ಹಾಕ್ತೀವಿ ಸಾರ್," ಎಂದ ಟೈಪಿಸ್ಟ್. ಮಾಲೀಕರು ನಮ್ಮ ಕಡೆ ತಿರುಗಿ, ನೋಡಿದಿರಾ, ಇವನಿಗೂ ಗೊತ್ತಿದೆ ಎಂಬಂತೆ ಹುಬ್ಬೇರಿಸಿದರು.

ನೋಂದಣಿ ಅಧಿಕಾರಿ ಒಬ್ಬ ಮೇಡಂ. ಅವರು ಪತ್ರ ಓದಿದರು, ಇಬ್ಬರ ಮುಖ ನೋಡಿದರು, ಸ್ವಇಚ್ಛೆಯಿಂದಲೇ ಬರೆಸಿದ್ದಾ ಎಂದು ಕೇಳಿದರು. ಸ್ವಇಚ್ಛೆಯಿಂದಲೇ ಎಂದು ಮಾಲೀಕರು ಅವಸರವಾಗಿ ತಲೆಯಾಡಿಸಿದರು. ಸಹಿಯಾಯಿತು. ಹೆಬ್ಬೆರಳ ಗುರುತಾಯಿತು. ಮುದ್ರೆ ಬಿತ್ತು. ಅಲ್ಲಿಂದ ಎದ್ದು ಬಂದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಗೆದ್ದವನಿಗೆ ಎದ್ದು ಬರಲು ಮನಸ್ಸಾಗುವುದಿಲ್ಲ.

"ಮೇಡಂ, ಇನ್ನೊಂದು ಸಣ್ಣ ಕೆಲಸ," ಎಂದು ಚೌಕಟ್ಟಣ್ಣ ಚೀಲದಿಂದ ರಟ್ಟುಗಳನ್ನು ತೆಗೆದು ಮೇಜಿನ ಮೇಲೆ ಹರಡಿದ. ಎಲ್ಲದರ ಮೇಲೆ ಅಪ್ಪನ ಅರ್ಧ ಹಾಳೆಯನ್ನು ಇಟ್ಟ. "ಇದು ನಮ್ಮ ಸದರಿ ಮನೆತನದ ಇತಿಹಾಸ. ಇದಕ್ಕೂ ಒಂದು ಮುದ್ರೆ ಹಾಕಿಕೊಡಿ. ಅಪ್ಪನಿಗೆ ವಯಸ್ಸಾಗಿದೆ, ಗೋಡೆ ಮೇಲೆ ಹಾಕ್ಬೇಕು."

ಮೇಡಂ ಸೇತುವೆ ಓದಿದರು. ಹೆರಿಗೆ ಓದಿದರು. ಕಪ್ಪೆಗೆ ಬಂದಾಗ ಅವರ ಭುಜ ಅಲುಗಾಡತೊಡಗಿತು. ಕನ್ನಡಕ ತೆಗೆದು, ಸೆರಗಿನಿಂದ ಕಣ್ಣೊರೆಸಿಕೊಂಡು, ನೀರು ಕುಡಿದು, ಮತ್ತೆ ಕಪ್ಪೆಯನ್ನು ನೋಡಿ ಮತ್ತೆ ನೀರು ಕುಡಿದರು.

"ಇವರೇ," ಎಂದರು ಕೊನೆಗೆ, "ಸದರಿ ಅಂದ್ರೆ ಮನೆತನ ಅಲ್ಲ. ಮೇಲೆ ಹೇಳಿದ, ಅಂತ ಅರ್ಥ. ಕಾಗದದಲ್ಲಿ ಒಂದು ಸಲ ಹೆಸರು ಬರೆದ ಮೇಲೆ ಪದೇ ಪದೇ ಬರೆಯೋಕೆ ಬೇಜಾರು. ಅದಕ್ಕೆ ಸದರಿಯವರು ಅಂತೀವಿ. ಮೇಲೆ ಹೇಳಿದವರು ಅಂತ. ನಾನೂ ಸದರಿಯವರೇ, ನೀವೂ ಸದರಿಯವರೇ. ಮೇಲೆ ಹೆಸರಿದ್ರೆ ಸಾಕು."

ನನ್ನ ಮನೆ, ನನ್ನ ಗೋಡೆ, ನನ್ನ ಶೌಚಾಲಯ ಎಲ್ಲವೂ ಒಂದು ಕ್ಷಣದಲ್ಲಿ ನನಗೆ ಮರಳಿ ಬಂದವು. ಸಂತೋಷಪಡಬೇಕೆಂದುಕೊಂಡೆ. ಚೌಕಟ್ಟಣ್ಣನ ಮುಖ ನೋಡಿ ಆಗಲಿಲ್ಲ. ಅವನು ಆ ಅರ್ಧ ಹಾಳೆಯನ್ನು ಎತ್ತಿಕೊಂಡು, ಗೆದ್ದಲು ತಿಂದ ಅಂಚನ್ನು ಬೆರಳಲ್ಲಿ ಸವರುತ್ತಿದ್ದ. "ಹಾಗಾದ್ರೆ ತಾತನ ಹೆಸರು ಮೇಲೆ ಇತ್ತು," ಎಂದ ಮೆಲ್ಲಗೆ.

ಮಾಲೀಕರಿಗೆ ಮಾತ್ರ ಹೋದ ಜೀವ ಬಂದಿತ್ತು. ಏಕವಚನವೂ ಜೊತೆಗೇ ಬಂತು. "ಲೇ ಕಳ್ಳ! ಕಟ್ಟಡ ನಿನ್ನಪ್ಪಂದು ಅಂತ ಹೆದರಿಸಿ ಬರೆಸ್ಕೊಂಡ್ಯಾ? ಮೇಡಂ, ಹರಿದು ಹಾಕಿ ಆ ಪತ್ರ! ಇವನು ಸದರಿಯವನೇ ಅಲ್ಲ!"

"ಹೆದರಿಸಿದ್ರಾ? ಈಗ ತಾನೇ ಸ್ವಇಚ್ಛೆ ಅಂದ್ರಲ್ಲ ನೀವು."

"ನಾನೇ ಕೇಳ್ಕೊಂಡು ಹೋದೆ, ನಿಜ. ಆದ್ರೆ ನಾನು ಬರೆದುಕೊಟ್ಟಿದ್ದು ಸದರಿಯವರಿಗೆ! ಇವನಿಗಲ್ಲ!"

"ಯಾವ ಸದರಿಯವರಿಗೆ?" ಎಂದರು ಮೇಡಂ.

ಮೇಡಂ ಪತ್ರವನ್ನು ಎತ್ತಿ ನಿಧಾನವಾಗಿ ಓದಿದರು. "'ಸದರಿಯವರು ತಮಗೆ ಇಷ್ಟವಿರುವಷ್ಟು ಕಾಲ ಸದರಿ ಮಳಿಗೆಯಲ್ಲಿ ಇರತಕ್ಕದ್ದು. ಸದರಿಯವರನ್ನಾಗಲಿ ಅವರ ತಂದೆಯವರನ್ನಾಗಲಿ ಎಬ್ಬಿಸಲು ನನಗೆ ಅಧಿಕಾರವಿರುವುದಿಲ್ಲ.' ಸದರಿಯವರು ಅಂದ್ರೆ ಮೇಲೆ ಹೇಳಿದವರು. ಮೇಲೆ ಯಾರ ಹೆಸರಿದೆ, ನೀವೇ ನೋಡಿ."

ಮಾಲೀಕರು ನೋಡಿದರು. ಮೊದಲನೇ ಸಾಲಿನಲ್ಲಿ, ತಂದೆಯ ಹೆಸರು ವಿಳಾಸದ ಸಮೇತ, ಚೌಕಟ್ಟಣ್ಣ ಕೂತಿದ್ದ.

"ಬೇರೆ ಯಾರೂ ಇಲ್ಲಪ್ಪ. ಈ ಪತ್ರದ ಮಟ್ಟಿಗೆ ಸದರಿಯವರು ಇವರೇ," ಎಂದು ಮೇಡಂ ಪತ್ರವನ್ನು ಚೌಕಟ್ಟಣ್ಣನ ಕೈಗೆ ಕೊಟ್ಟು ಮುಂದಿನವರನ್ನು ಕರೆದರು.

ಅಂಗಡಿ ಉಳಿಯಿತು. ಆದರೂ ವಾಪಸು ಬರುವಾಗ ಚೌಕಟ್ಟಣ್ಣ ತಲೆ ತಗ್ಗಿಸಿಯೇ ನಡೆದ. ದಾರಿಯುದ್ದಕ್ಕೂ ರಟ್ಟುಗಳ ಚೀಲ ಅವನ ಮೊಣಕಾಲಿಗೆ ಬಡಿಯುತ್ತಿತ್ತು. ಬೀದಿಯ ತಿರುವಿನಲ್ಲಿ ನಿಂತು, "ಅಪ್ಪನಿಗೆ ಏನು ಹೇಳ್ಲಿ?" ಎಂದ. ಚಪ್ಪಲಿ ಮಾರುವವನಿಗೆ ಇಂಥ ಪ್ರಶ್ನೆಗೆಲ್ಲ ಉತ್ತರ ಎಲ್ಲಿಂದ ಬರಬೇಕು?

ಹಿರಿಯರು ಸ್ಟೂಲಿನಿಂದ ಎದ್ದು ಬಾಗಿಲಿಗೇ ಬಂದಿದ್ದರು. ಸೊಸೆ ಅವರ ಪಕ್ಕ ನಿಂತಿದ್ದಳು. "ಏನಂದ್ರು?" ಎಂದು ಕೇಳಿದರು.

ಚೌಕಟ್ಟಣ್ಣ ಅಪ್ಪನನ್ನು ನೋಡಿದ, ಖಾಲಿ ಚೌಕಟ್ಟನ್ನು ನೋಡಿದ. ಒಮ್ಮೆ ಉಸಿರು ತೆಗೆದುಕೊಂಡ. ನಾನು ನೋಡನೋಡುತ್ತಿದ್ದಂತೆ ಆ ಕಳೆದುಹೋದ ಒಂದು ಗೇಣು ಎತ್ತರ ಮತ್ತೆ ಅವನಿಗೆ ಬಂತು.

"ಅಪ್ಪಾ, ಅಧಿಕಾರಿಗಳೇ ಬಾಯಿಬಿಟ್ಟು ಹೇಳಿದ್ರು. ಸದರಿಯವರು ನಾವೇ ಅಂತೆ. ಬೇರೆ ಯಾರೂ ಅಲ್ಲವಂತೆ. ಮುದ್ರೆ ಹಾಕಿ ಕೊಟ್ಟಿದ್ದಾರೆ. ಯಾರೂ ನಮ್ಮನ್ನ ಎಬ್ಬಿಸೋ ಹಾಗಿಲ್ಲ."

"ಅದನ್ನೇ ಹೇಳ್ತಿದ್ದೀನಿ," ಎಂದು ಹಿರಿಯರು ವಾಪಸು ಹೋಗಿ ಸ್ಟೂಲಿನ ಮೇಲೆ ಕೂತರು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮೇಡಂ ಹೇಳಿದ್ದು ಅದೇ. ನಾನೇ ಸಾಕ್ಷಿ.

ಅಂದೇ ಆ ಅರ್ಧ ಹಾಳೆ ತಾತನ ಖಾಲಿ ಚೌಕಟ್ಟು ಸೇರಿತು. ಗೆದ್ದಲು ತಿಂದ ಜಾಗವನ್ನು ಮುಚ್ಚಲು ಚೌಕಟ್ಟಣ್ಣ ಒಪ್ಪಲಿಲ್ಲ. ತಾತನ ಹೆಸರು ಇರುವುದು ಅಲ್ಲೇ, ಮುಚ್ಚಬಾರದು ಎಂದ.

ಕೆಲವು ದಿನ ಕಳೆದು ಮಾಲೀಕರು ತಮ್ಮ ಅಜ್ಜನನ್ನು ಒಯ್ಯಲು ಬಂದರು. ಚಿನ್ನದ ಬಣ್ಣದ ಅಂಚಿನೊಳಗೆ ಅಜ್ಜ ಜೋರಾಗಿಯೇ ಇದ್ದರು. ಚಿತ್ರದ ಕೆಳಗೆ ಹೆಸರು ಬರೆಯಬೇಕಲ್ಲ, ಏನೆಂದು ಬರೆಯಲಿ ಎಂದು ಚೌಕಟ್ಟಣ್ಣ ಕುಂಚ ಹಿಡಿದು ಕೇಳಿದ. ಮಾಲೀಕರು ಗಲ್ಲ ಕೆರೆದುಕೊಂಡರು. ಇವರು ತಮ್ಮ ಅಪ್ಪನ ಅಪ್ಪನೋ ಅಮ್ಮನ ಅಪ್ಪನೋ ಎಂದು ಅವರಿಗೇ ಖಾತ್ರಿಯಿರಲಿಲ್ಲ. ಅಟ್ಟದ ಮೇಲೆ ಸಿಕ್ಕ ಚಿತ್ರ, ಮನೆಯಲ್ಲಿ ಕೇಳಿಕೊಂಡು ಬಂದು ಹೇಳುತ್ತೇನೆ ಎಂದು ಗೊಣಗಿ ಬಾಗಿಲ ಕಡೆ ತಿರುಗಿದರು.

ಸ್ಟೂಲಿನ ಮೇಲಿದ್ದ ಹಿರಿಯರು ಅವರ ತೋಳು ಹಿಡಿದು ನಿಲ್ಲಿಸಿದರು. ಮೇಲಿನ ಚೌಕಟ್ಟಿಗೆ ಕೈ ತೋರಿಸಿ, ಯಾವ ಕೊಂಕೂ ಇಲ್ಲದೆ, ನಿಜವಾಗಿ ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದರು:

"ನಮ್ಮದು ಸದರಿ ಮನೆತನ. ನಿಮ್ಮದು ಯಾವುದಪ್ಪಾ?"